ಮರಗಟ್ಟಿದ ಕೈ ಎಚ್ಚರಾಗೋ ಹೊತ್ತು

"ಆಪರೇಷನ್ ಬ್ಯಾಡ ಕಣಪ್ಪ. ನಿನ್ನ ಆ ರಾತ್ರಿ ನಾನು ನೋಡಿದೀನಿ."

ಗುಬ್ಬಿಯ ನಮ್ಮ ಮನೆ ಹಜಾರದಲ್ಲಿ ಕೂತು, ಊದಿಕೊಂಡ ಬಲಗೈಯನ್ನ ಹಳೇ ಟವೆಲ್‌ನಲ್ಲಿ ಕತ್ತಿಗೆ ನೇತುಹಾಕಿಕೊಂಡು ಅಮ್ಮ ಹೇಳಿದ ಮಾತಿದು. ಬಟ್ಟೆ ಒಗೆಯೋ ಕಲ್ಲಿನ ಹತ್ತಿರ ಪಾಚಿ ಮೇಲೆ ಕಾಲು ಜಾರಿತ್ತು, ಬೀಳುವಾಗ ಅಂಗೈ ಊರಿದ್ದಳು. ಮಣಿಕಟ್ಟಿನ ಮೂಳೆ ಮುರಿದು ಕೀಲಿನೊಳಗೇ ಬಿರುಕು ಬಿಟ್ಟಿದೆ, ಜಾಗ ಬಿಟ್ಟು ಸರಿದಿದೆ, ಪ್ಲೇಟ್ ಹಾಕೋದು ಒಳ್ಳೇದು ಅಂತ ತುಮಕೂರಿನ ಮೂಳೆ ಡಾಕ್ಟರು ಎಕ್ಸ್‌ರೇ ತೋರಿಸಿ ಹೇಳಿದ್ದರು. ಅಮ್ಮನಿಗೆ 58 ವರ್ಷ, ಸಕ್ಕರೆ ಕಾಯಿಲೆ ಇದೆ, ತೂಕ 54 ಕೆಜಿ. ಆಪರೇಷನ್ ಬೇಡ, ಪುತ್ತೂರು ಕಟ್ಟು ಹಾಕಿಸಿದರೆ ಸಾಕು ಅಂತ ಹಠ.

ಆ ಹಠಕ್ಕೆ ಕಾರಣ ನಾನೇ.

ನನ್ನ ಆ ರಾತ್ರಿ

ನಾನು ಬೆಂಗಳೂರಿನ ಕಂಪನಿಗೆ ಕೆಲಸ ಮಾಡೋ ಸಾಫ್ಟ್‌ವೇರ್ ಎಂಜಿನಿಯರ್. ವಾರದಲ್ಲಿ ಎರಡು ದಿನ ರೈಲು, ಉಳಿದ ದಿನ ತುಮಕೂರಿನ ಬಾಡಿಗೆ ಮನೆಯಿಂದಲೇ ಲಾಗಿನ್. ಅಮ್ಮನಿಗೆ ಇದಾಗೋಕೆ ಎಂಟು ತಿಂಗಳ ಹಿಂದೆ, ಕುಣಿಗಲ್‌ನ ಅಕ್ಕನ ಮನೆಯಿಂದ ಬೈಕಲ್ಲಿ ವಾಪಸ್ ಬರ್ತಾ ಹೆಬ್ಬೂರು ದಾಟಿದ ಮೇಲೆ ನಾಯಿ ಅಡ್ಡ ಬಂತು. ಎಡಗೈ ಮಣಿಕಟ್ಟು ಮುರೀತು.

ಆಪರೇಷನ್‌ಗೆ ಪೂರ್ತಿ ಮಂಪರು ಕೊಡಲಿಲ್ಲ. ಕತ್ತಿನ ಕೆಳಗೆ, ಭುಜದ ಮೂಳೆಯ ಮೇಲ್ಭಾಗದಲ್ಲಿ ಒಂದು ಇಂಜೆಕ್ಷನ್ ಕೊಟ್ಟು ಕೈ ಮಾತ್ರ ಮರಗಟ್ಟಿಸಿದರು. ನರ್ವ್ ಬ್ಲಾಕ್. ಬೆಳಗ್ಗೆ ಹನ್ನೊಂದೂವರೆಗೆ ಇಂಜೆಕ್ಷನ್, ಒಂದೂವರೆ ಹೊತ್ತಿಗೆ ವಾರ್ಡಿನಲ್ಲಿದ್ದೆ. ಕೈ ಬೇರೆ ಯಾರದೋ ಅನ್ನೋ ಥರ ಪಕ್ಕದಲ್ಲಿ ಬಿದ್ದಿತ್ತು, ನೋವು ಸೊನ್ನೆ. ಸಂಜೆ ತಟ್ಟೆ ಇಡ್ಲಿ ತರಿಸಿ ತಿಂದೆ. ಬಲಗೈಯಲ್ಲಿ ಫೋಟೋ ತೆಗೆದು ಆಫೀಸ್ ಗ್ರೂಪಿಗೆ ಹಾಕಿ, "ನಾಳೆ ಸ್ಟ್ಯಾಂಡ್‌ಅಪ್‌ಗೆ ಬರ್ತೀನಿ" ಅಂತ ಜಂಬ ಬೇರೆ.

ಮಾತ್ರೆ ಚೀಟಿಯಲ್ಲಿ 'ನೋವಿದ್ದರೆ ತಗೊಳ್ಳಿ' ಅಂತಿತ್ತು. ನೋವು ಇರಲಿಲ್ಲ, ತಗೊಳ್ಳಲಿಲ್ಲ. ಇದರಲ್ಲಿ ತರ್ಕದ ತಪ್ಪೇನಿದೆ ಹೇಳಿ?

ರಾತ್ರಿ 1.40ಕ್ಕೆ ಎಚ್ಚರಾಯ್ತು. ನೋವು ನಿಧಾನಕ್ಕೆ ಏರಿ ಬರಲಿಲ್ಲ, ಸ್ವಿಚ್ ಹಾಕಿದ ಹಾಗೆ ಬಂತು. ಮಣಿಕಟ್ಟಿನೊಳಗೆ ಕೆಂಡ ಇಟ್ಟು ತಿರುಪಿದಂಗೆ. ಆಗ ನುಂಗಿದ ಮಾತ್ರೆ ಕೆಲಸ ಶುರು ಮಾಡೋಕೇ ಮುಕ್ಕಾಲು ಗಂಟೆ. ಅಷ್ಟರಲ್ಲಿ ನಾನು ಅರಚಿದ್ದಕ್ಕೆ ವಾರ್ಡಿನಲ್ಲಿದ್ದವರೆಲ್ಲ ಎದ್ದು ಕೂತಿದ್ದರು. ಅಮ್ಮ ನನ್ನ ಕಾಲು ಹಿಡಿದುಕೊಂಡು ಅಳುತ್ತಾ ಇದ್ದಳು. ನಸುಕಿಗೆ ಇಂಜೆಕ್ಷನ್ ಬಿದ್ದ ಮೇಲೆ ಸುಮಾರಾಯ್ತು.

ಈಗ ಅದೇ ಆಪರೇಷನ್‌ಗೆ ಅಮ್ಮನನ್ನ ಒಪ್ಪಿಸಬೇಕಿತ್ತು. 'ಏನೂ ನೋವಾಗಲ್ಲಮ್ಮ' ಅನ್ನೋ ಸುಳ್ಳು ಬಾಯಿ ತುದಿಯಲ್ಲೇ ಇತ್ತು. ಅದನ್ನ ನುಂಗಿಕೊಂಡು, ಮೊದಲು ನಾನೇ ಅರ್ಥ ಮಾಡಿಕೊಳ್ಳೋಣ ಅಂತ ಕೂತೆ.

ಬ್ಲಾಕ್ ಅಂದರೆ ಏನು ಮಾಡ್ತಾರೆ?

ಕತ್ತಿನ ಬೆನ್ನುಹುರಿಯಿಂದ ಹೊರಡೋ ಐದು ನರಬೇರುಗಳು ಹೆಣೆದುಕೊಂಡು ಕೈಗೆ ಇಳೀತವೆ. ಆ ಹೆಣಿಗೆಗೆ ಬ್ರೇಕಿಯಲ್ ಪ್ಲೆಕ್ಸಸ್ ಅಂತ ಹೆಸರು. ಭುಜದಿಂದ ಬೆರಳ ತುದಿವರೆಗಿನ ಹೆಚ್ಚೂಕಡಿಮೆ ಎಲ್ಲ ಸುದ್ದಿಯೂ ಇದೇ ದಾರಿಯಲ್ಲಿ ಓಡಾಡೋದು. ಕತ್ತಿನ ಬದಿ, ಕಾಲರ್ ಮೂಳೆಯ ಮೇಲೆ ಅಥವಾ ಕೆಳಗೆ, ಕಂಕುಳು, ಈ ಜಾಗಗಳಲ್ಲಿ ಎಲ್ಲಾದರೂ ಮದ್ದು ಕೊಟ್ಟು ದಾರಿ ಮುಚ್ಚಬಹುದು. ಮಣಿಕಟ್ಟಿನ ಆಪರೇಷನ್‌ಗೆ ಸಾಮಾನ್ಯವಾಗಿ ಕಾಲರ್ ಮೂಳೆಯ ಮೇಲೆ, ಕೆಳಗೆ ಅಥವಾ ಕಂಕುಳಲ್ಲಿ ಕೊಡ್ತಾರೆ.

ನರದೊಳಗೆ ಸಂಕೇತ ಓಡೋದು ಸೋಡಿಯಂ ಅಯಾನುಗಳು ಸಣ್ಣ ಬಾಗಿಲುಗಳ ಮೂಲಕ ಒಳಗೆ ನುಗ್ಗೋದರಿಂದ. ಈ ಮದ್ದುಗಳು ಆ ಬಾಗಿಲಿಗೆ ಅಗುಳಿ ಹಾಕ್ತವೆ. ನಮ್ಮ ಫೀಲ್ಡಿನ ಭಾಷೆಯಲ್ಲಿ ಹೇಳಬೇಕಂದ್ರೆ ಇದು ಅಲರ್ಟ್ ಮ್ಯೂಟ್ ಮಾಡಿದ ಹಾಗೆ. ಸರ್ವರ್ ಬಿದ್ದಿರೋದು ಬಿದ್ದೇ ಇದೆ, ಫೋನ್ ಮಾತ್ರ ಬಡ್ಕೊಳ್ತಿಲ್ಲ. ಮ್ಯೂಟ್ ತೆಗೆದ ತಕ್ಷಣ ಎಲ್ಲ ಅಲರ್ಟುಗಳೂ ಒಟ್ಟಿಗೇ ಬರ್ತವೆ. ನನಗೆ ಆ ರಾತ್ರಿ ಆಗಿದ್ದು ಅದೇ. ವೈದ್ಯರು ಇದಕ್ಕೆ ರೀಬೌಂಡ್ ನೋವು ಅಂತಾರೆ.

ಇದು ನನ್ನೊಬ್ಬನ ಕಥೆಯೂ ಅಲ್ಲ. ಮಣಿಕಟ್ಟು ಮುರಿದು ಪ್ಲೇಟ್ ಹಾಕಿಸಿಕೊಂಡವರನ್ನ ಎರಡು ಗುಂಪು ಮಾಡಿ, ಒಂದಕ್ಕೆ ಪೂರ್ತಿ ಮಂಪರು, ಇನ್ನೊಂದಕ್ಕೆ ಬ್ಲಾಕ್ ಕೊಟ್ಟು ನೋಡಿದ ನ್ಯೂಯಾರ್ಕಿನ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯ್ತು. ಹತ್ತರ ಅಳತೆಯಲ್ಲಿ ನೋವು ಕೇಳಿದಾಗ, ಆಪರೇಷನ್ ಆಗಿ 2 ಗಂಟೆಗೆ ಮಂಪರಿನವರದ್ದು ಸರಾಸರಿ 6.7, ಬ್ಲಾಕಿನವರದ್ದು ಬರೀ 1.4. ಆದರೆ 12 ಗಂಟೆ ಹೊತ್ತಿಗೆ ಲೆಕ್ಕ ತಿರುಗುಮುರುಗು: ಮಂಪರಿನವರು 3.8, ಬ್ಲಾಕಿನವರು 6.3. ಇದನ್ನ ಓದಿದಾಗ ನಿಜ ಹೇಳ್ತೀನಿ, ಸಮಾಧಾನವೂ ಆಯ್ತು, ಸಿಟ್ಟೂ ಬಂತು. ಈ ಒಂದು ಸಾಲು ಯಾರಾದರೂ ಮೊದಲೇ ಹೇಳಿದ್ದರೆ ಸಾಕಿತ್ತು.

ಮೂರು ಮದ್ದು, ಮೂರು ಸ್ವಭಾವ

ಬ್ಲಾಕ್‌ಗೆ ನಮ್ಮ ಕಡೆ ಹೆಚ್ಚಾಗಿ ಕೇಳಿಬರೋ ಹೆಸರುಗಳು ಮೂರು.

ಲಿಗ್ನೊಕೇನ್. ಹಲ್ಲು ಕೀಳಿಸಿಕೊಂಡವರಿಗೆ ಪರಿಚಯ. 1943ರಲ್ಲಿ ಸ್ವೀಡನ್‌ನ ನಿಲ್ಸ್ ಲೋಫ್‌ಗ್ರೆನ್ ತಯಾರಿಸಿದ್ದು. ಜೊತೆಗಾರ ಬೆಂಟ್ ಲುಂಡ್‌ಕ್ವಿಸ್ಟ್ ಅದನ್ನ ತನ್ನ ಮೈಮೇಲೇ ಪ್ರಯೋಗ ಮಾಡಿಕೊಂಡು ನೋಡಿದ. ಬೇಗ ಹತ್ತತ್ತೆ, ಬೇಗ ಇಳಿಯತ್ತೆ. ಅಡ್ರಿನಲಿನ್ ಸೇರಿಸಿದರೂ ಕೆಲವೇ ಗಂಟೆಗಳ ಆಟ. ಆಪರೇಷನ್ ಮುಗಿಸೋಕೆ ಸಾಕು, ಆಮೇಲಿನ ನೋವಿಗೆ ಸಾಲದು.

ಬುಪಿವಕೇನ್. 1957ರಲ್ಲಿ ಬಂದಿದ್ದು, ಇದೂ ಸ್ವೀಡನ್ನಿನದೇ. ಹತ್ತೋಕೆ ಇಪ್ಪತ್ತು–ಮೂವತ್ತು ನಿಮಿಷ, ಆದರೆ ಅರ್ಧ ದಿನದವರೆಗೂ, ಕೆಲವರಲ್ಲಿ ಅದಕ್ಕೂ ಹೆಚ್ಚು ಹೊತ್ತು ಹಿಡಿದಿಡತ್ತೆ. ತೊಂದರೆ ಇರೋದು ಹೃದಯದ ವಿಚಾರದಲ್ಲಿ. ಅಪ್ಪಿತಪ್ಪಿ ರಕ್ತನಾಳಕ್ಕೆ ಹೋದರೆ ಹೃದಯದ ಸೋಡಿಯಂ ಬಾಗಿಲುಗಳಿಗೂ ಅಗುಳಿ ಹಾಕಿ, ಬೇಗ ಬಿಡಲ್ಲ. 1979ರಲ್ಲಿ ಅಮೆರಿಕದ ಜಾರ್ಜ್ ಆಲ್‌ಬ್ರೈಟ್ ಎಂಬ ವೈದ್ಯರು ಇಂಥ ಮದ್ದುಗಳಿಂದಾದ ಹೃದಯಸ್ತಂಭನಗಳ ಬಗ್ಗೆ ಬರೆದ ಮೇಲೆ ಜಗತ್ತೆಲ್ಲ ಎಚ್ಚೆತ್ತುಕೊಂಡಿತು.

ರೋಪಿವಕೇನ್. ಆ ಎಚ್ಚರದ ಫಲ. ಬುಪಿವಕೇನ್‌ನ ದಾಯಾದಿಯೇ. ಆದರೆ ಬುಪಿವಕೇನ್‌ನಲ್ಲಿ ಎಡಗೈ–ಬಲಗೈ ಥರದ ಎರಡು ಕನ್ನಡಿರೂಪಗಳು ಬೆರೆತಿದ್ದರೆ, ಇದರಲ್ಲಿ ಹೃದಯಕ್ಕೆ ಕಡಿಮೆ ಕಾಟ ಕೊಡೋ ಒಂದೇ ರೂಪ. ಅಮೆರಿಕದಲ್ಲಿ 1996ರಲ್ಲಿ ಅನುಮತಿ ಸಿಕ್ಕಿತು. ನಮ್ಮಲ್ಲಿ ಬೆಲೆ ಸ್ವಲ್ಪ ಹೆಚ್ಚು. ಬೆರಳಾಡಿಸೋ ಶಕ್ತಿ ಒಂಚೂರು ಬೇಗ ವಾಪಸ್ ಬರತ್ತೆ ಅಂತ ಹೆಸರು. ಲೀವೋಬುಪಿವಕೇನ್ ಅನ್ನೋದೂ ಒಂದಿದೆ, ಅದು ಬುಪಿವಕೇನ್‌ನಿಂದಲೇ ಒಂದು ರೂಪ ಬೇರೆ ಮಾಡಿ ತೆಗೆದದ್ದು.

ಹಾಗಾದ್ರೆ ಯಾವುದು ಹೆಚ್ಚು ಹೊತ್ತು ನೋವು ತಡೆಯತ್ತೆ? ನಾನು ಹುಡುಕಿದ್ದು ಇದೇ ಪ್ರಶ್ನೆಗೆ. ಕರ್ನಾಟಕದ ಮೆಡಿಕಲ್ ಕಾಲೇಜುಗಳಲ್ಲಿ ಅರಿವಳಿಕೆ ಪಿಜಿ ಮಾಡೋರಿಗೆ ರೋಪಿ–ಬುಪಿ ಹೋಲಿಕೆ ಪ್ರಬಂಧದ ಮಾಮೂಲಿ ವಿಷಯ. ಹಳೇದೊಂದು, 1991ರದ್ದು, ಅಮೆರಿಕದ್ದು: ಎರಡನ್ನೂ 0.5%ರಲ್ಲಿ ಕೈಯ ಬ್ಲಾಕ್‌ಗೆ ಕೊಟ್ಟು ನೋಡಿದರೆ, ನೋವಿಲ್ಲದ ಹೊತ್ತು ಎರಡರಲ್ಲೂ ಸರಾಸರಿ 13ರಿಂದ 14 ಗಂಟೆ.

ನನ್ನ ಹನ್ನೊಂದೂವರೆಗೆ 14 ಗಂಟೆ ಕೂಡಿಸಿ ನೋಡಿ. ರಾತ್ರಿ ಒಂದೂವರೆ. ನಾನು ಎದ್ದಿದ್ದು 1.40ಕ್ಕೆ.

ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮದ್ದು ತನ್ನ ಕೆಲಸ ಸರಿಯಾಗೇ ಮಾಡಿತ್ತು. ಅದು ಯಾವಾಗ ಮುಗಿಯತ್ತೆ ಅಂತ ಮೊದಲೇ ಲೆಕ್ಕ ಹಾಕಬಹುದಿತ್ತು. ಹಾಕಿರಲಿಲ್ಲ, ಅಷ್ಟೇ.

ಅರಿವಳಿಕೆ ಡಾಕ್ಟರ ಜೊತೆ ಹತ್ತು ನಿಮಿಷ

ಅಮ್ಮನಿಗೆ ಒಂದೇ ಮಾತು ಹೇಳಿದೆ: "ಆಪರೇಷನ್‌ಗೆ ಒಪ್ಪಬೇಡ. ಅರಿವಳಿಕೆ ಡಾಕ್ಟರ ಹತ್ತಿರ ಮಾತಾಡೋಣ, ಆಮೇಲೆ ನೀನೇ ಹೇಳು." ತುಮಕೂರಿಗೆ ಬಂದಳು.

ಅಲ್ಲಿ ಡಾಕ್ಟರಿಗೆ ನಾನು ಕೇಳಿದ ಪ್ರಶ್ನೆ ನಾಲ್ಕು.

ಯಾವ ಮದ್ದು? 0.5% ರೋಪಿವಕೇನ್, ಸುಮಾರು 20 ಎಂಎಲ್ ಅಂದರು. ಯಾಕೆ ಅಂತ ಕೇಳಿದ್ದಕ್ಕೆ ಚೀಟಿ ಹಿಂದೆ ಲೆಕ್ಕ ಬರೆದು ತೋರಿಸಿದರು. 0.5% ಅಂದರೆ ಒಂದು ಎಂಎಲ್‌ಗೆ 5 ಮಿಲಿಗ್ರಾಂ, ಇಪ್ಪತ್ತು ಎಂಎಲ್‌ಗೆ 100. ರೋಪಿವಕೇನ್‌ಗೆ ಸಾಮಾನ್ಯವಾಗಿ ಇಟ್ಟುಕೊಳ್ಳೋ ಮಿತಿ ಕೆಜಿಗೆ 3 ಮಿಲಿಗ್ರಾಂ. 54 ಕೆಜಿಗೆ 162, ಬೇಕಾದಷ್ಟು ಅಂತರ ಇದೆ. ಬುಪಿವಕೇನ್ ಆದರೆ ಕೆಜಿಗೆ 2 ಅಂತ ಹಿಡಿದರೆ 108. ಅದೇ 100 ಮಿಲಿಗ್ರಾಂ ಅಂಚಿಗೆ ಬಂದು ನಿಲ್ಲತ್ತೆ. ದಪ್ಪ ಮೈಯವರಿಗೆ ಈ ವ್ಯತ್ಯಾಸ ಅಷ್ಟು ಕಾಡಲ್ಲ, ಸಣ್ಣ ಮೈಯವರಿಗೆ ಕಾಡತ್ತೆ.

ಡೆಕ್ಸಾಮೆಥಾಸೋನ್ ಸೇರಿಸಿದರೆ ಇನ್ನೂ ಹೆಚ್ಚು ಹೊತ್ತು ಬರತ್ತಂತಲ್ಲ? ಬರತ್ತೆ, ಕೆಲವು ಗಂಟೆ ಹೆಚ್ಚು. ಆದರೆ ಅದು ಸ್ಟೀರಾಯ್ಡ್, ರಕ್ತದ ಸಕ್ಕರೆ ಏರಿಸತ್ತೆ. ಅಮ್ಮನ ಸಕ್ಕರೆ ಆ ವಾರ ಹತೋಟಿಯಲ್ಲಿರಲಿಲ್ಲ. ಇವರಿಗೆ ಬೇಡ ಅಂದರು.

ಅಪಾಯ ಏನು? ಈ ಪ್ರಶ್ನೆಗೆ ಅವರು ಮುಖ ಗಂಟಿಕ್ಕಲಿಲ್ಲ, ಅದೇ ದೊಡ್ಡ ಸಮಾಧಾನ. ಕಾಲರ್ ಮೂಳೆ ಹತ್ತಿರ ಕೊಡುವಾಗ ಶ್ವಾಸಕೋಶದ ಪೊರೆಗೆ ಸೂಜಿ ತಗಲೋ ಸಾಧ್ಯತೆ ಬಹಳ ಕಡಿಮೆ, ಆದರೆ ಸೊನ್ನೆಯಲ್ಲ. ಅಲ್ಟ್ರಾಸೌಂಡ್‌ನಲ್ಲಿ ಸೂಜಿ ನೋಡ್ತಾ ಕೊಡೋದರಿಂದ ಇನ್ನೂ ಕಡಿಮೆ. ಕೆಲವರಿಗೆ ಅದೇ ಬದಿಯ ರೆಪ್ಪೆ ಸ್ವಲ್ಪ ಜೋತು ಬೀಳಬಹುದು, ಉಸಿರು ಚೂರು ಭಾರ ಅನ್ನಿಸಬಹುದು, ಮದ್ದು ಇಳಿದ ಮೇಲೆ ಸರಿಹೋಗತ್ತೆ. ಇಂಜೆಕ್ಷನ್ ಕೊಡುವಾಗ ನಾಲಿಗೆ ಜೋಮು ಹಿಡಿದರೆ, ಕಿವಿಯಲ್ಲಿ ಗುಂಯ್ ಅಂದರೆ, ಬಾಯಲ್ಲಿ ಲೋಹದ ರುಚಿ ಬಂದರೆ ತಕ್ಷಣ ಹೇಳಬೇಕು. ಮದ್ದು ರಕ್ತಕ್ಕೆ ಸೇರ್ತಿರೋ ಸೂಚನೆ ಅದು. ಅದಕ್ಕೆ ಕೊಬ್ಬಿನ ಎಣ್ಣೆಯಂಥ ಒಂದು ಬಿಳಿ ದ್ರಾವಣ ಇಟ್ಟುಕೊಂಡಿರ್ತಾರೆ. ಅದು ಇಂಥ ವಿಷವನ್ನ ಇಳಿಸತ್ತೆ ಅಂತ 1998ರಲ್ಲಿ ಗೈ ವೈನ್‌ಬರ್ಗ್ ಅನ್ನೋ ವೈದ್ಯರು ಇಲಿಗಳಲ್ಲಿ ತೋರಿಸಿಕೊಟ್ಟರು. "ನಿಮ್ಮಲ್ಲಿದೆಯಾ?" ಅಂತ ಕೇಳಿದೆ. ಇದೆ ಅಂದರು.

ಕೊನೇದು: ಎಷ್ಟು ಗಂಟೆಗೆ ಕೊಡ್ತೀರಿ, ಎಷ್ಟು ಗಂಟೆಗೆ ಇಳಿಯತ್ತೆ? ಮಧ್ಯಾಹ್ನದ ಪಟ್ಟಿಯಲ್ಲಿ ಅಮ್ಮನ ಹೆಸರಿತ್ತು. ಸಕ್ಕರೆ ಕಾಯಿಲೆಯವರನ್ನ ಹೊಟ್ಟೆ ಖಾಲಿ ಬಹಳ ಹೊತ್ತು ಇಡಬಾರದು, ಬೆಳಗ್ಗೆ ಮೊದಲನೇದಾಗಿ ಮಾಡೋಣ ಅಂತ ಅವರೇ ಬದಲಾಯಿಸಿದರು. ಎಂಟೂವರೆಗೆ ಬ್ಲಾಕ್ ಕೊಟ್ಟರೆ ರಾತ್ರಿ ಎಂಟರಿಂದ ಹತ್ತೂವರೆ ಒಳಗೆ ಇಳಿಯಬಹುದು. ಎಲ್ಲರೂ ಎದ್ದಿರೋ ಹೊತ್ತು. ನನಗೆ ಬೇಕಿದ್ದಿದ್ದೂ ಅದೇ.

ಹೊರಡುವಾಗ ಅಮ್ಮ ಕೇಳಿದಳು, "ನೋವಾಗಲ್ಲ ಅಲ್ವಾ ಡಾಕ್ಟ್ರೇ?"

"ಆಗತ್ತಮ್ಮ. ಆದರೆ ಅದು ಬರೋಕೆ ಮುಂಚೆ ನಾವು ರೆಡಿ ಇರ್ತೀವಿ."

ಆಟೋದಲ್ಲಿ ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಬಸ್ ಸ್ಟ್ಯಾಂಡ್ ಬಂದ ಮೇಲೆ, "ಆ ಡಾಕ್ಟ್ರು ಸುಳ್ಳು ಹೇಳಲಿಲ್ಲ ನೋಡು, ಮಾಡ್ಸಣ" ಅಂದಳು.

ಅಮ್ಮನ ರಾತ್ರಿ

ಆಪರೇಷನ್ ಒಂದು ಗಂಟೆ ಹತ್ತು ನಿಮಿಷ. ಹೊರಗೆ ಬಂದಾಗ ಕೈ ನನ್ನದರ ಹಾಗೇ ಮರಗಟ್ಟಿತ್ತು. ಮೂತ್ರಪಿಂಡದ ಪರೀಕ್ಷೆ ಸರಿ ಇದ್ದಿದ್ದರಿಂದ ಪ್ಯಾರಾಸಿಟಮಾಲ್ ಜೊತೆಗೆ ಎರಡು ದಿನದ ಮಟ್ಟಿಗೆ ಉರಿ ಇಳಿಸೋ ಇನ್ನೊಂದು ಮಾತ್ರೆಯನ್ನೂ ಬರೆದಿದ್ದರು. ಈ ಸಲ ಚೀಟಿಯಲ್ಲಿ 'ನೋವಿದ್ದರೆ' ಅಂತ ಇರಲಿಲ್ಲ, ಗಂಟೆ ಬರೆದಿತ್ತು. ಮಧ್ಯಾಹ್ನ ಎರಡು, ರಾತ್ರಿ ಎಂಟು, ಬೆಳಗಿನ ಜಾವ ಎರಡು. ನೋವಿರಲಿ, ಬಿಡಲಿ. ತಡೆಯೋಕೆ ಆಗದಿದ್ದರೆ ಕೊಡೋಕೆ ಬಲವಾದದ್ದೊಂದನ್ನ ಬೇರೆ ಇಟ್ಟಿದ್ದರು.

ಮಧ್ಯಾಹ್ನ ಎರಡಕ್ಕೆ ಅಮ್ಮ ಜಗಳ ತೆಗೆದಳು. "ನೋವೇ ಇಲ್ಲ, ಸುಮ್ನೆ ಯಾಕೆ ಮಾತ್ರೆ?" ನಾನು ಎಂಟು ತಿಂಗಳ ಹಿಂದೆ ಹಾಕಿದ್ದ ತರ್ಕವೇ. ನುಂಗಿಸಿದೆ. ಮರಗಟ್ಟಿದ ಕೈಗೆ ಬಿಸಿ ಲೋಟ ತಾಗಿದರೂ ಗೊತ್ತಾಗಲ್ಲ ಅಂತ ಕಾಫಿಯನ್ನ ಎಡಗೈಗೇ ಕೊಟ್ಟೆ. ಕೈ ಕೆಳಗೆ ಎರಡು ದಿಂಬಿಟ್ಟು ಎದೆಗಿಂತ ಎತ್ತರದಲ್ಲಿಟ್ಟೆವು.

ಎಂಟಕ್ಕೆ ಎರಡು ಚಪಾತಿ, ಮಾತ್ರೆ. ಒಂಬತ್ತೂ ಕಾಲಿಗೆ "ಹೆಬ್ಬೆರಳಲ್ಲಿ ಇರುವೆ ಹರಿದಂಗಾಗ್ತಿದೆ" ಅಂದಳು. ಬ್ಲಾಕ್ ಇಳಿಯೋಕೆ ಶುರುವಾಗಿತ್ತು. ಅಕ್ಕ ಕುಣಿಗಲ್‌ನಿಂದ ಬಂದಿದ್ದಳು. ಮೂವರೂ ಗಡಿಯಾರ ನೋಡ್ತಾ ಕೂತೆವು, ಟಾಸ್ ಬಿದ್ದ ಮೇಲೆ ಮ್ಯಾಚಿಗೆ ಕಾಯೋ ಹಾಗೆ.

ಹತ್ತಕ್ಕೆ ನೋವು ಹತ್ತಕ್ಕೆ ಮೂರು. ಹತ್ತೂಮುಕ್ಕಾಲಿಗೆ ಐದು. ಅಮ್ಮ ಹಲ್ಲು ಕಚ್ಚಿಕೊಂಡಳು, ಬೆವರಿತು. ನನ್ನ ಎದೆ ಬಡಕೊಳ್ತಿತ್ತು. ಇನ್ನೂ ಏರಿದರೆ ನರ್ಸನ್ನ ಕರೆದು ಬಲವಾದ ಮಾತ್ರೆ ಕೊಡಿಸೋಣ ಅಂತ ಬಾಗಿಲ ಹತ್ತಿರ ನಿಂತಿದ್ದೆ. ಏರಲಿಲ್ಲ. ಹನ್ನೆರಡಕ್ಕೆ ನಾಲ್ಕು, ಆಮೇಲೆ ನಿದ್ದೆ. ಎರಡಕ್ಕೆ ಅಲಾರಂ ಹೊಡೆದಾಗ ಎಬ್ಬಿಸಿ ಮಾತ್ರೆ ಕೊಟ್ಟೆ, ಬೈಸಿಕೊಂಡೆ.

ಬೆಳಗ್ಗೆ ಎದ್ದವಳೇ ಹೇಳಿದ್ದು: "ನೋವಿತ್ತು ಕಣೋ. ಆದ್ರೆ ನಿನ್ನಂಗೆ ಅರಚಲಿಲ್ಲ ನೋಡು."

ಇದನ್ನ ಮದ್ದಿನ ಗೆಲುವು ಅಂತ ನಾನು ಬರೆಯಲ್ಲ. ನನಗೆ ಕೊಟ್ಟಿದ್ದೂ ಒಳ್ಳೇ ಮದ್ದೇ. ಇಬ್ಬರ ಮೈ ಬೇರೆ, ಮುರಿತ ಬೇರೆ, ವಯಸ್ಸು ಬೇರೆ. ಚಿಕ್ಕ ವಯಸ್ಸಿನವರಿಗೆ ರೀಬೌಂಡ್ ಹೆಚ್ಚು ಅಂತಲೂ ಇದೆ. ಆದರೆ ಎರಡು ರಾತ್ರಿಗಳನ್ನ ಪಕ್ಕಪಕ್ಕ ಇಟ್ಟು ನೋಡಿದರೆ ನನ್ನ ಕಣ್ಣಿಗೆ ಕಾಣೋ ದೊಡ್ಡ ವ್ಯತ್ಯಾಸ ರೋಪಿ–ಬುಪಿ ಅಲ್ಲ. ಗಡಿಯಾರ.

ನಿಮಗೋ, ನಿಮ್ಮ ಮನೆಯವರಿಗೋ ಬಂದರೆ

ಮುರಿದ ಮಣಿಕಟ್ಟಿಗೆಲ್ಲ ಆಪರೇಷನ್ ಬೇಕಿಲ್ಲ. ಸರಿಯದೇ ನಿಂತ ಮೂಳೆಗೆ, ಅದರಲ್ಲೂ ವಯಸ್ಸಾದವರಿಗೆ, ಡಾಕ್ಟರು ಹಾಕೋ ಪಿಒಪಿ ಸಾಕಾಗಬಹುದು. ಅದನ್ನ ಎಕ್ಸ್‌ರೇ ನೋಡಿದ ಮೂಳೆ ತಜ್ಞರೇ ಹೇಳಬೇಕು. ಆಪರೇಷನ್ ಅಂತಾದರೆ ಮಾತ್ರ ಇಷ್ಟು ಮಾಡಿ.

ಆಪರೇಷನ್‌ಗೆ ಮುಂಚೆ ಅರಿವಳಿಕೆ ಡಾಕ್ಟರನ್ನ ಭೇಟಿ ಮಾಡಿ. ಸರ್ಜನ್ ಹೆಸರು ನಮಗೆಲ್ಲ ಗೊತ್ತಿರತ್ತೆ, ಇವರ ಹೆಸರು ಕೇಳೋರೇ ಕಡಿಮೆ. ಸಕ್ಕರೆ, ಬಿಪಿ, ಉಬ್ಬಸ, ರಕ್ತ ತೆಳು ಮಾಡೋ ಮಾತ್ರೆ, ಹಿಂದಿನ ಅಲರ್ಜಿ, ಎಲ್ಲ ಹೇಳಿ. ಯಾವ ಮದ್ದು, ಎಷ್ಟು ಗಂಟೆ ಹಿಡಿಯತ್ತೆ ಅಂತ ಕೇಳಿ, ಬ್ಲಾಕ್ ಕೊಟ್ಟ ಸಮಯ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಮೊದಲ ನೋವಿನ ಮಾತ್ರೆ ಎಷ್ಟು ಗಂಟೆಗೆ ಅನ್ನೋದನ್ನ ಅವರಿಂದಲೇ ಕೇಳಿ ತಿಳಿದುಕೊಳ್ಳಿ. ಮೆಡಿಕಲ್ ಶಾಪಿನವರ ಮಾತಲ್ಲಿ, ನನ್ನ ಲೇಖನ ನೋಡಿ, ನೀವೇ ತೀರ್ಮಾನ ಮಾಡಬೇಡಿ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇದ್ದವರಿಗೆ ಕೆಲವು ಮಾತ್ರೆ ಕೂಡದು. ಬೆರಳು ಜುಮ್ಮೆನ್ನೋಕೆ ಶುರುವಾದರೆ ಹೊತ್ತಾಯ್ತು ಅಂತಲೇ ಅರ್ಥ.

ಇನ್ನೊಂದು ಮುಖ್ಯ ಮಾತು. ಮಾತ್ರೆ, ಇಂಜೆಕ್ಷನ್ ಎರಡಕ್ಕೂ ಬಗ್ಗದೆ ನೋವು ಏರ್ತಾನೇ ಇದ್ದರೆ, ಬೆರಳು ನೀಲಿ ಇಲ್ಲಾ ಬಿಳಿಚಿಕೊಂಡರೆ, ಬ್ಯಾಂಡೇಜ್ ಬಿಗಿಯಾಗಿ ಬೆರಳು ನೀಟಲು ಬಿಡದಿದ್ದರೆ, ಅದನ್ನ 'ಬ್ಲಾಕ್ ಇಳೀತಿದೆ' ಅಂತ ಸುಮ್ಮನೆ ಬಿಡಬೇಡಿ. ಒಳಗೆ ಒತ್ತಡ ಕಟ್ಟಿರಬಹುದು, ಗಂಟೆ ಗಂಟೆಯೂ ಲೆಕ್ಕಕ್ಕೆ ಬರತ್ತೆ. ತಕ್ಷಣ ಆಸ್ಪತ್ರೆಗೆ ಓಡಿ. ಒಂದು ದಿನ ಕಳೆದರೂ ಮರಗಟ್ಟಿದ್ದು ಬಿಡದಿದ್ದರೂ ಹೇಳಿ.

ಅಮ್ಮ ಈಗ ಕುಣಿಗಲ್‌ನಲ್ಲಿ ಅಕ್ಕನ ಮನೆಯಲ್ಲಿದ್ದಾಳೆ. ಹತ್ತು ವಾರ ಆಯ್ತು. ಫಿಸಿಯೋ ಕೊಟ್ಟ ಮೆತ್ತನೆ ಚೆಂಡನ್ನ ಹಿಚುಕೋದು ಬೇಜಾರು ಅಂತ ಹೇಳಿ, ಅದರ ಬದಲು ರಾಗಿ ಹಿಟ್ಟು ನಾದ್ತಾಳಂತೆ. ಮುದ್ದೆ ತಿರುವೋ ಅಷ್ಟು ಬಲ ಇನ್ನೂ ಬಂದಿಲ್ಲ, ಬರತ್ತೆ.

ಮೊನ್ನೆ ಪಕ್ಕದ ಮನೆಯವರೊಬ್ಬರು ಕೈ ಆಪರೇಷನ್ ಬಗ್ಗೆ ವಿಚಾರಿಸೋಕೆ ಬಂದಿದ್ದರಂತೆ. ಅಮ್ಮ ಹೇಳಿದ್ದನ್ನ ಅಕ್ಕ ಫೋನಲ್ಲಿ ಹೇಳಿ ನಕ್ಕಳು: "ಮಾಡಿಸ್ಕೊಳಿ, ಏನಾಗಲ್ಲ. ಆದ್ರೆ ಸೂಜಿ ಚುಚ್ಚಿದ ಟೈಮು ಬರ್ಕೊಳ್ಳಿ."